ದೀಪ ಮಿನುಗಿದರೆ ದ್ರವ ಮುಗಿಯಿತೆಂದಲ್ಲ

ಸಿಗರೇಟು ಬಿಡಲೆಂದು ಲಂಡನ್ನಿನಲ್ಲಿ ವೇಪ್ ಪೆನ್ನು (ದ್ರವವನ್ನು ಬಿಸಿಮಾಡಿ ಆವಿಯಾಗಿಸುವ ಇ-ಸಿಗರೇಟು) ಹಿಡಿದಿರುವ ನೀವು, ದೀಪ ಮಿನುಗಿದರೆ ದ್ರವ ಮುಗಿಯಿತೆಂದು ಅರ್ಥವೇ ಎಂದು ಕೇಳಿದ್ದೀರಿ. ಹೆಚ್ಚಿನ ಪೆನ್ನುಗಳಲ್ಲಿ ಅದು ಬ್ಯಾಟರಿಯ ಸೂಚನೆ. ದ್ರವದ ಸುದ್ದಿ ನಾಲಿಗೆಗೆ ಮೊದಲು ತಿಳಿಯುತ್ತದೆ: ರುಚಿ ಸಪ್ಪೆಯಾಗುತ್ತದೆ, ಆವಿ ತೆಳುವಾಗುತ್ತದೆ, ಕೊನೆಗೆ ಗಂಟಲು ಕೆರೆಯುವಂತೆ ಸೀದ ರುಚಿ ಬರುತ್ತದೆ. ಒಳಗೆ ದ್ರವ ಹೀರಿಕೊಳ್ಳುವ ಹತ್ತಿ ಒಣಗಿ, ಕಾಯಿಲ್‌ನ (ದ್ರವ ಕಾಯಿಸುವ ತಂತಿಸುರುಳಿಯ) ಬಿಸಿಗೆ ಸುಡುತ್ತಿದೆ ಎಂದರ್ಥ. ದಯವಿಟ್ಟು ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಸಲ ಎಳೆದು ನೋಡಬೇಡಿ. ಸುಟ್ಟ ಹತ್ತಿಯ ಹೊಗೆ ನಿಮ್ಮ ಶ್ವಾಸಕೋಶಕ್ಕೆ ಬೇಡ.

ಬಿಸಾಡುವ ಪೆನ್ನುಗಳ ಮಾರಾಟ ಅಲ್ಲಿ 2025ರ ಜೂನ್ 1ರಿಂದ ನಿಂತಿದೆ. ಆದ್ದರಿಂದ ನಿಮ್ಮದು ಮರುತುಂಬುವ ಪೆನ್ನೇ ಇರಬೇಕು. ಅದರ ತೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ. ಬ್ರಿಟನ್ನಿನ ನಿಯಮದಂತೆ ಅದು ಹಿಡಿಸುವುದೇ 2 ಮಿ.ಲೀ., ಬೇಗ ಬರಿದಾಗುತ್ತದೆ. ತುಂಬಿದ ಮೇಲೆ ಹತ್ತು ನಿಮಿಷ ಹಾಗೇ ಬಿಡಿ, ಹತ್ತಿ ನೆನೆಯಲಿ. ಆಮೇಲೂ ಸೀದ ರುಚಿ ಇದ್ದರೆ ಕಾಯಿಲ್ ಬದಲಿಸಬೇಕು.

ರಜೆಗೆ ಬೆಂಗಳೂರಿಗೆ ಬರುವಾಗ ಇದನ್ನು ಖಂಡಿತ ತರಬೇಡಿ. ಭಾರತದಲ್ಲಿ 2019ರ ಕಾಯ್ದೆ ಇ-ಸಿಗರೇಟುಗಳ ಆಮದು, ಮಾರಾಟ ಎರಡನ್ನೂ ನಿಷೇಧಿಸಿದೆ. ಪ್ರಯಾಣಕ್ಕೆ ಮುಂಚೆ ನಿಕೋಟಿನ್ ಗಮ್ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.