ರಂಗನತಿಟ್ಟಿಗೆ ಹೋಗಲು ಸರಿಯಾದ ತಿಂಗಳು ಯಾವುದು?

ಬೆಂಗಳೂರಿನಿಂದ ಇಬ್ಬರು ಮಕ್ಕಳನ್ನು ಕರೆದುಕೊಂಡು ಒಂದು ದಿನದ ಮಟ್ಟಿಗೆ ರಂಗನತಿಟ್ಟಿಗೆ ಹೋಗಿಬರಲು ಯಾವ ತಿಂಗಳು ಒಳ್ಳೆಯದು, ಒಂದು ಸಲ ನೋಡಿದರೆ ಸಾಕೇ ಎಂದು ಕೇಳಿದ್ದೀರಿ. ಒಂದೇ ಸಲ ಹೋಗುವುದಾದರೆ ಮಾರ್ಚ್‌ನಲ್ಲಿ ಹೋಗಿ. ಆದರೆ ಮೈಸೂರಿನಲ್ಲಿ ವಾಸವಾಗಿದ್ದು ಎಲ್ಲ ಕಾಲಗಳಲ್ಲಿಯೂ ಅಲ್ಲಿಗೆ ಹೋಗಿಬರುತ್ತಿರುವ ನನ್ನ ಅನುಭವದಲ್ಲಿ, ಅಲ್ಲಿ ಏನು ಕಾಣಸಿಗುತ್ತದೆ ಎಂಬುದು ತಿಂಗಳಿಗಿಂತಲೂ ಹೆಚ್ಚಾಗಿ ಕಾವೇರಿಯ ನೀರಿನ ಮಟ್ಟವನ್ನು ಅವಲಂಬಿಸಿರುತ್ತದೆ.

ಶ್ರೀರಂಗಪಟ್ಟಣದ ಬಳಿಯ ಈ ತಿಟ್ಟುಗಳು, ಅಂದರೆ ನದಿಯ ನಡುವಿನ ಪುಟ್ಟ ನಡುಗಡ್ಡೆಗಳು, 17ನೇ ಶತಮಾನದಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದಾಗಿ ರೂಪುಗೊಂಡವು. ಸುತ್ತಲೂ ನೀರು ಇರುವುದರಿಂದ ನಾಯಿ, ನರಿಗಳಾಗಲಿ ಮನುಷ್ಯರಾಗಲಿ ಗೂಡುಗಳ ಹತ್ತಿರ ಸುಳಿಯುವುದು ಕಷ್ಟ. ಪಕ್ಷಿಗಳು ಈ ಜಾಗವನ್ನು ಆರಿಸಿಕೊಂಡಿರುವುದಕ್ಕೆ ಇದೇ ಮುಖ್ಯ ಕಾರಣ. ಪಕ್ಷಿತಜ್ಞ ಸಲೀಂ ಅಲಿಯವರು ಇದರ ಮಹತ್ವವನ್ನು ಗುರುತಿಸಿ ಮೈಸೂರು ಅರಸರಿಗೆ ಮನವರಿಕೆ ಮಾಡಿಕೊಟ್ಟಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಎಂಬ ಮನ್ನಣೆಯೂ ದೊರೆಯಿತು. ಮೇಲ್ಭಾಗದಲ್ಲಿಯೇ ಕೃಷ್ಣರಾಜ ಸಾಗರ ಅಣೆಕಟ್ಟೆ ಇರುವುದರಿಂದ, ಅಲ್ಲಿ ಗೇಟು ತೆರೆದರೂ ಮುಚ್ಚಿದರೂ ಅದರ ಪರಿಣಾಮ ಇಲ್ಲಿನ ಗೂಡುಗಳಿಗೆ ತಟ್ಟುತ್ತದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನದಿ ಇಳಿದು ಬಂಡೆಗಳೆಲ್ಲ ಮೇಲೆದ್ದಿರುತ್ತವೆ. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್) ಮರಗಳ ನೆತ್ತಿಯಲ್ಲಿ ಒತ್ತೊತ್ತಾಗಿ ಗೂಡು ಕಟ್ಟಿರುತ್ತವೆ. ಅರಣ್ಯ ಇಲಾಖೆಯ ದೋಣಿಗಳು ಹುಟ್ಟು ಹಾಕುವಂಥವಾದ್ದರಿಂದ ಸದ್ದಿಲ್ಲದೆ ಬಹಳ ಹತ್ತಿರಕ್ಕೆ ಹೋಗುತ್ತವೆ. ಒಂದು ಮಾರ್ಚ್‌ನ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಿನಲ್ಲಿ, ಬಣ್ಣದ ಕೊಕ್ಕರೆಯೊಂದು ಗೂಡಿನ ಅಂಚಿನಲ್ಲಿ ಸೂರ್ಯನಿಗೆ ಬೆನ್ನು ಮಾಡಿ, ಎರಡೂ ರೆಕ್ಕೆಗಳನ್ನು ಅರ್ಧ ಬಿಚ್ಚಿ ನಿಂತಿದ್ದನ್ನು ಕಂಡೆ. ಆ ರೆಕ್ಕೆಗಳ ನೆರಳಿನಲ್ಲಿ ಬಿಳಿ ತುಪ್ಪಳದ ಮೂರು ಮರಿಗಳು ಕೊರಳು ಚಾಚಿ ಮಲಗಿದ್ದವು. ನೆರಳು ಸರಿದಂತೆಲ್ಲ ತಾಯಿಯೋ ತಂದೆಯೋ ಆಗಿದ್ದ ಆ ಹಕ್ಕಿ ಒಂದೊಂದೇ ಹೆಜ್ಜೆ ಸರಿಯುತ್ತಿತ್ತು. ನಿಮ್ಮ ಮಕ್ಕಳು ಇಂಥದ್ದನ್ನು ನೋಡಲಿ ಎಂಬುದೇ ನಾನು ಮಾರ್ಚ್ ತಿಂಗಳನ್ನು ಹೇಳುವುದಕ್ಕೆ ಕಾರಣ. ಇದೇ ಸಮಯದಲ್ಲಿ ರೀವಗಳು (ರಿವರ್ ಟರ್ನ್ ಎಂಬ ನದಿಯ ಹಕ್ಕಿಗಳು) ಬರಿಯ ಬಂಡೆಯ ಮೇಲೆಯೇ ಮೊಟ್ಟೆ ಇಡುತ್ತವೆ. ಮಚ್ಚೆಗಳಿರುವ ಆ ಮೊಟ್ಟೆಗಳು ಕಲ್ಲಿನ ಬಣ್ಣದಲ್ಲಿ ಕರಗಿಹೋಗಿರುವುದರಿಂದ, ದೋಣಿಯವರು ಬೆರಳು ಮಾಡಿ ತೋರಿಸುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯಲ್ಲಿ ನದಿಗೆ ಇದ್ದಕ್ಕಿದ್ದಂತೆ ನೀರು ಬಿಟ್ಟರೆ ಮೊದಲು ಕೊಚ್ಚಿಹೋಗುವುದು ಇವೇ. ಪಕ್ಕದ ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳಂತೂ ಇದ್ದೇ ಇರುತ್ತವೆ; ಮಕ್ಕಳು ದೋಣಿಯಿಂದ ಕೈ ಹೊರಗೆ ಚಾಚದಂತೆ ನೋಡಿಕೊಳ್ಳಿ.

ಮುಂಗಾರು ಹಿಡಿದ ಮೇಲೆ ಗೂಡುಗಳಲ್ಲಿರುವವರೇ ಬದಲಾಗುತ್ತಾರೆ. ಬಣ್ಣದ ಕೊಕ್ಕರೆಯ ಮರಿಗಳು ರೆಕ್ಕೆ ಬಲಿತು ಹಾರಿಹೋಗುತ್ತಿದ್ದಂತೆ ಬಾಯ್ಕಳಕ ಕೊಕ್ಕರೆಗಳು, ಚಮಚದ ಕೊಕ್ಕಿನವು, ಬಿಳಿ ಕೆಂಬರಲುಗಳು (ಐಬಿಸ್), ಬೆಳ್ಳಕ್ಕಿಗಳು ಸಂಸಾರ ಹೂಡುತ್ತವೆ. ಬಾಯ್ಕಳಕದ ಕೊಕ್ಕಿನ ನಡುವೆ ಸದಾ ಒಂದು ಸಂದು ಇರುತ್ತದೆ; ಮರಿಗಳಿಗೆ ಅದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಇವುಗಳ ಮುಖ್ಯ ಆಹಾರ ನೀರಿನ ಬಸವನಹುಳು. ಮಂಡ್ಯದ ನಾಲೆ ಬಯಲಿನಲ್ಲಿ ಭತ್ತದ ನಾಟಿ ನಡೆಯುವ ದಿನಗಳಲ್ಲಿ ಕೆಸರುಗದ್ದೆಗಳಲ್ಲಿ ಇವು ಸಾಲಾಗಿ ನಡೆಯುವುದನ್ನು ರಸ್ತೆಯಿಂದಲೇ ನೋಡಬಹುದು. ಪಕ್ಷಿಧಾಮದ ಬೇಲಿಯೊಳಗೆ ಗೂಡು, ರೈತರ ಗದ್ದೆಯಲ್ಲಿ ಊಟ ಎಂಬುದನ್ನು ಮಕ್ಕಳಿಗೆ ಹೇಳಿದರೆ ಈ ಜಾಗ ಅವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಜುಲೈ, ಆಗಸ್ಟ್ ತಿಂಗಳುಗಳ ಬಗ್ಗೆ ಮಾತ್ರ ಎಚ್ಚರಿಕೆ ಹೇಳಲೇಬೇಕು. ಕೊಡಗಿನಲ್ಲಿ ಮಳೆ ಜೋರಾಗಿ ಕೃಷ್ಣರಾಜ ಸಾಗರದ ನೀರು 124.80 ಅಡಿಯ ಗರಿಷ್ಠ ಮಟ್ಟವನ್ನು ಸಮೀಪಿಸಿದರೆ ನದಿಗೆ ಭಾರೀ ಪ್ರಮಾಣದಲ್ಲಿ ನೀರು ಬಿಡುತ್ತಾರೆ, ಆಗ ದೋಣಿ ಸಂಚಾರ ನಿಂತುಹೋಗುತ್ತದೆ. ಅಂಥ ಒಂದು ಆಗಸ್ಟ್‌ನಲ್ಲಿ ನೆಂಟರನ್ನು ಕರೆದುಕೊಂಡು ಹೋಗಿ, ದಡದಲ್ಲಿ ನಿಂತು ಕೆಂಪು ನೀರನ್ನು ನೋಡಿಕೊಂಡು ಹಿಂದಿರುಗಿದ್ದೇವೆ. ಮಾರ್ಚ್‌ನಲ್ಲಿ ಮೊಸಳೆ ಮಲಗಿದ್ದ ಬಂಡೆಯ ಗುರುತೇ ಇರಲಿಲ್ಲ. ತಗ್ಗಿನ ಕೊಂಬೆಗಳಲ್ಲಿದ್ದ ಗೂಡುಗಳು ಹೋಗಿದ್ದವು, ಮೇಲಿನವು ಉಳಿದಿದ್ದವು. ಒಂದು ಬೆಳ್ಳಕ್ಕಿ ಖಾಲಿ ಕೊಂಬೆಯ ಸುತ್ತ ಮತ್ತೆ ಮತ್ತೆ ಹಾರಿ ಬಂದು ಕೂರುತ್ತಿತ್ತು. ಆ ದಿನವನ್ನು ನಾನು ವ್ಯರ್ಥವೆಂದು ಭಾವಿಸಿಲ್ಲ. ಆದರೆ ಬೆಂಗಳೂರಿನಿಂದ ಮಕ್ಕಳೊಂದಿಗೆ ಬರುವವರಿಗೆ ಅದನ್ನು ಸಲಹೆ ಮಾಡಲಾರೆ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹವೆ ಹಿತವಾಗಿದ್ದರೂ ಗೂಡುಗಳು ಕಡಿಮೆ. ಮಿಂಚುಳ್ಳಿ, ಹಾವಿನಂಥ ಕೊರಳಿನ ಹಾವಕ್ಕಿ, ನೀರುಕಾಗೆಗಳನ್ನು, ಅದೃಷ್ಟವಿದ್ದರೆ ನೀರುನಾಯಿಗಳನ್ನು, ಗದ್ದಲವಿಲ್ಲದೆ ನೋಡಬಹುದು. ಚಳಿಗಾಲದ ವಲಸೆ ಹಕ್ಕಿಗಳೇ ಬೇಕೆಂದರೆ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋಗಿ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ.

ಆದ್ದರಿಂದ ಒಂದು ಸಲ ಸಾಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸಾಲದು ಎಂಬುದೇ. ಮಾರ್ಚ್‌ನಲ್ಲಿ ಬಂದವರು ಜೂನ್ ಕೊನೆಯಲ್ಲಿ, ನದಿ ಇನ್ನೂ ಉಕ್ಕದಿರುವಾಗ, ಮತ್ತೊಮ್ಮೆ ಬನ್ನಿ. ಎರಡು ಸಲವೂ ವಾರದ ದಿನವನ್ನೇ ಆರಿಸಿಕೊಂಡು, ಬೆಳಿಗ್ಗೆಯ ಮೊದಲ ದೋಣಿಯನ್ನು ಹಿಡಿಯಿರಿ. ಮಧ್ಯಾಹ್ನದ ಹೊತ್ತಿಗೆ ಜನಸಂದಣಿಯೂ ಬಿಸಿಲೂ ಹೆಚ್ಚಾಗಿ ಮಕ್ಕಳು ಬಳಲುತ್ತಾರೆ. ಮಳೆಗಾಲದಲ್ಲಾದರೆ ಹೊರಡುವ ಹಿಂದಿನ ದಿನ ಪತ್ರಿಕೆಯಲ್ಲಿ ಬರುವ ಜಲಾಶಯದ ಹೊರಹರಿವನ್ನು ನೋಡಿ, ದೋಣಿ ಇದೆಯೇ ಎಂದು ಪಕ್ಷಿಧಾಮಕ್ಕೆ ಫೋನ್ ಮಾಡಿ ಕೇಳಿಕೊಂಡು ಹೊರಡಿ. ಬೈನಾಕ್ಯುಲರ್ ಇದ್ದರೆ ತನ್ನಿ, ಇಲ್ಲದಿದ್ದರೂ ಚಿಂತೆಯಿಲ್ಲ; ಗೂಡಿನಲ್ಲಿರುವ ಮರಿಯ ಕಣ್ಣು ಕಾಣುವಷ್ಟು ಹತ್ತಿರಕ್ಕೆ ದೋಣಿ ಹೋಗುತ್ತದೆ.