ಲೈಟ್‌ರೂಮ್ ಚಂದಾ ತಗೊಂಡರೆ ಫೋಟೊ ಕ್ಲೌಡ್‌ನಲ್ಲಿಡಬೇಕಾ, ಮನೆಯ ಹಾರ್ಡ್ ಡಿಸ್ಕ್‌ನಲ್ಲಾ?

ನೀವು ಕೇಳಿದ್ದು ಇಷ್ಟು: ಹೊಸನಗರದ ಹತ್ತಿರ ಹಳ್ಳಿ, ಹಕ್ಕಿ ಫೋಟೊದ ಹುಚ್ಚು, ನಡುನಡುವೆ ನೆಂಟರಿಷ್ಟರ ಮದುವೆ, ಗೃಹಪ್ರವೇಶ. ಹಳೇ ಫೋಟೊಗಳೇ 700 ಜಿಬಿ ಇವೆ. ಫೋಟೊ ತಿದ್ದುವ, ಜೋಡಿಸಿಡುವ ಸಾಫ್ಟ್‌ವೇರ್ ಮಾಡುವ ಅಡೋಬಿ ಕಂಪನಿಯ ಫೋಟೊಗ್ರಫಿ ಚಂದಾ ತಗೋಬೇಕು ಅಂತಿದ್ದೀರಿ. ಅದರಲ್ಲಿ ಲೈಟ್‌ರೂಮ್ ಅಂತ ಒಂದು, ಲೈಟ್‌ರೂಮ್ ಕ್ಲಾಸಿಕ್ ಅಂತ ಇನ್ನೊಂದು. ಜೊತೆಗೆ 1 ಟಿಬಿ ಕ್ಲೌಡ್ ಜಾಗ. ಇಷ್ಟೆಲ್ಲ ಕೊಡುವಾಗ ಹಾರ್ಡ್ ಡಿಸ್ಕಿನ ಸಹವಾಸವೇ ಬೇಡ, ಎಲ್ಲ ಮೇಲಕ್ಕೆ ಹಾಕಿಬಿಡಲಾ ಅಂತ.

ಬೇಡ ಮಾರಾಯ್ರೆ. ಕ್ಲಾಸಿಕ್ ಹಾಕಿಕೊಳ್ಳಿ, ಮೂಲ ಫೈಲುಗಳು ಮನೆಯ ಡಿಸ್ಕಿನಲ್ಲೇ ಇರಲಿ, ಕ್ಲೌಡಿಗೆ ಅವುಗಳ ಸಣ್ಣ ಪ್ರತಿ ಮಾತ್ರ ಹೋಗಲಿ. ನಾನು ಸಾಗರದಲ್ಲಿ ಹದಿನಾಲ್ಕು ವರ್ಷದಿಂದ ಸ್ಟುಡಿಯೊ ಇಟ್ಟುಕೊಂಡವನು, ಮನೆ ಮಾತ್ರ ಊರಿಂದ ಒಂಬತ್ತು ಕಿಲೋಮೀಟರ್ ಒಳಗೆ, ತೋಟದ ಅಂಚಿನಲ್ಲಿ. ಎರಡೂ ಕಡೆ ಇಂಟರ್ನೆಟ್ ಹೇಗಿರುತ್ತದೆ ಅಂತ ಗೊತ್ತು, ಹಾಗಾಗಿ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಮೊದಲು ಲೆಕ್ಕ ನೋಡಿ. ಮಳೆಗಾಲದಲ್ಲಿ ಮಂಡಗದ್ದೆಗೆ ಹೋಗ್ತೀರಿ ಅಂದುಕೊಳ್ಳೋಣ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿರುತ್ತವೆ, ಗೋಪುರ ಹತ್ತಿ ನಿಂತರೆ ಬೆರಳು ಎತ್ತೋಕೆ ಮನಸ್ಸಾಗೋದಿಲ್ಲ. ಬೆಳಗ್ಗೆ ಮೂರು ಗಂಟೆಯೊಳಗೆ 1200 ಶಾಟ್ ಆಗಿರುತ್ತದೆ. ಒಂದು ರಾ ಫೈಲ್ (ಕ್ಯಾಮೆರಾ ಸೆರೆಹಿಡಿದ ಕಚ್ಚಾ ಫೈಲ್) 25 ಎಂಬಿ ಅಂದರೂ 30 ಜಿಬಿ. ನಿಮ್ಮ ಕಡೆ ಅಪ್‌ಲೋಡ್ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್, ಅಂದರೆ ಒಂದು ಎಂಬಿಗೂ ಕಡಿಮೆ) ಸಿಕ್ಕರೆ ಅದೊಂದು ಬೆಳಗಿನ ಫೋಟೊ ಮೇಲೆ ಹೋಗೋಕೆ ಹದಿಮೂರು ಗಂಟೆ ಚಿಲ್ಲರೆ ಬೇಕು. 700 ಜಿಬಿಗೆ ಹದಿಮೂರು ದಿನ, ಅದೂ ಹಗಲೂ ರಾತ್ರಿ ಒಂದು ನಿಮಿಷ ಕರೆಂಟ್ ಹೋಗದಿದ್ದರೆ. ಆಷಾಢದಲ್ಲಿ ಹದಿಮೂರು ದಿನ ಕರೆಂಟ್ ಹೋಗದ ಊರು ನಮ್ಮ ಜಿಲ್ಲೆಯ ಪಶ್ಚಿಮದ ಕಡೆ ಎಲ್ಲಿದೆ ಅಂತ ನೀವೇ ಹೇಳಿ. ಪ್ಲಾನಿನ ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯೋದು ಡೌನ್‌ಲೋಡ್ ಅಂಕಿ. ನಿಮಗೆ ಬೇಕಾದ್ದು ಸ್ಪೀಡ್ ಟೆಸ್ಟಿನಲ್ಲಿ ಎರಡನೆಯದಾಗಿ ಬರುವ, ಎಷ್ಟೋ ಸಲ ನಾಚಿಕೆ ಹುಟ್ಟಿಸುವ ಆ ಇನ್ನೊಂದು ಅಂಕಿ.

ನಾನೂ ಒಮ್ಮೆ ಹೊಸ ಲೈಟ್‌ರೂಮಿಗೆ, ಅಂದರೆ ಕ್ಲಾಸಿಕ್ ಅಲ್ಲದ, ಎಲ್ಲವನ್ನೂ ಕ್ಲೌಡಿಗೆ ಕಳಿಸುವ ಆ ಇನ್ನೊಂದಕ್ಕೆ, ಒಂದು ಮದುವೆ ಪೂರ್ತಿ ಸುರಿದು ನೋಡಿದ್ದೆ. ಮೂಲೆಯಲ್ಲಿ ಸಿಂಕ್ ಆಗಬೇಕಾದ, ಅಂದರೆ ಇನ್ನೂ ಕ್ಲೌಡಿಗೆ ಹೋಗಬೇಕಾದ ಫೋಟೊಗಳ ಎಣಿಕೆ ತೋರಿಸುತ್ತದೆ. ರಾತ್ರಿ ಮಲಗುವಾಗ 2,914 ಇದ್ದದ್ದು ಬೆಳಗ್ಗೆ ಎದ್ದು ನೋಡಿದರೆ 2,480. ಮಧ್ಯಾಹ್ನ ಅಡಿಕೆಮರದ ಹೆಡೆ ಬಿದ್ದು ಕೇಬಲ್ ತುಂಡಾಯಿತು. ಮೂರನೇ ದಿನ ಲ್ಯಾಪ್‌ಟಾಪ್ ಎತ್ತಿಕೊಂಡು ಶಿವಮೊಗ್ಗದ ಷಡ್ಡಕನ ಮನೆಗೆ ಹೋಗಿ, ಅವರ ಫೈಬರಿಗೆ ಸಿಕ್ಕಿಸಿ, ಊಟ ಮಾಡಿ ನಿದ್ದೆ ಹೊಡೆದು ಬಂದೆ. ಕ್ಲೌಡ್ ಅಂದರೆ ಬಸ್ ಹತ್ತಿ ಹೋಗೋ ಜಾಗ ಅಂತ ಆವತ್ತು ಗೊತ್ತಾಯಿತು.

ಇನ್ನು ಆ ಎರಡು ಹೆಸರಿನ ಗೊಂದಲ. ಮೊದಲು ಲೈಟ್‌ರೂಮ್ ಒಂದೇ ಇತ್ತು. ಒಮ್ಮೆ ದುಡ್ಡು ಕೊಟ್ಟರೆ ಮುಗೀತು ಅನ್ನುವಂಥದ್ದು; 2015ರ ಲೈಟ್‌ರೂಮ್ 6 ಹಾಗೆ ಸಿಕ್ಕ ಕೊನೆಯದು. 2017ರ ಅಕ್ಟೋಬರಿನಲ್ಲಿ ಮನೆ ಹಿಸ್ಸೆ ಆಯಿತು. ಹಳೇದಕ್ಕೆ ಕ್ಲಾಸಿಕ್ ಅಂತ ಹೆಸರಿಟ್ಟರು, ಲೈಟ್‌ರೂಮ್ ಅನ್ನೋ ಮೂಲ ಹೆಸರನ್ನು ಹೊಸ ಕ್ಲೌಡ್ ಮಗನಿಗೆ ಕೊಟ್ಟರು. ಅಲ್ಲಿಂದ ಎಲ್ಲರಿಗೂ ತಲೆಬಿಸಿ. ಹೊಸದರಲ್ಲಿ ಇಂಪೋರ್ಟ್ ಮಾಡಿದ ಮೂಲ ಫೈಲೇ ಅಡೋಬಿಯ ಸರ್ವರಿಗೆ ಹೋಗುತ್ತದೆ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಳಿಯೋದು ತಾತ್ಕಾಲಿಕ ಪ್ರತಿ. 2023ರ ಅಕ್ಟೋಬರಿನಿಂದ ಇದರಲ್ಲೂ 'ಲೋಕಲ್' ಅಂತ ಒಂದು ಟ್ಯಾಬ್ ಬಂದಿದೆ. ಡಿಸ್ಕಿನಲ್ಲಿರುವ ಫೋಲ್ಡರ್ ನೇರ ತೆರೆದು, ಮೇಲಕ್ಕೆ ಕಳಿಸದೆ ಎಡಿಟ್ ಮಾಡಬಹುದು. ಸಣ್ಣಪುಟ್ಟ ಕೆಲಸಕ್ಕೆ ಅಡ್ಡಿಯಿಲ್ಲ. 700 ಜಿಬಿ ಹಕ್ಕಿಗಳ ನಡುವೆ ಮಲಬಾರ್ ಟ್ರೋಗನ್ ಎಲ್ಲಿದೆ ಅಂತ ಹುಡುಕೋಕೆ ನನಗೆ ಕ್ಲಾಸಿಕ್ಕೇ ಬೇಕು.

ಕ್ಲಾಸಿಕ್‌ನಲ್ಲಿ ಫೋಟೊ ಬೇರೆ, ಕ್ಯಾಟಲಾಗ್ ಬೇರೆ. ಇದು ತಲೆಗೆ ಹೋಗದೆ ಕೆಟ್ಟವರು ಬಹಳ ಜನ. ಜಮೀನು ಮತ್ತು ಪಹಣಿ ಅಂದುಕೊಳ್ಳಿ. ಫೋಟೊ ಜಮೀನು, ಡಿಸ್ಕಿನಲ್ಲಿ ತನ್ನ ಜಾಗದಲ್ಲಿ ಬಿದ್ದಿರುತ್ತದೆ. ಕ್ಯಾಟಲಾಗ್ ಪಹಣಿ: ಯಾವ ಫೋಟೊ ಎಲ್ಲಿದೆ, ಎಷ್ಟು ಸ್ಟಾರ್, ಏನೇನು ಎಡಿಟ್, ಎಲ್ಲ ಅದರಲ್ಲಿ. ಪಹಣಿಯನ್ನು ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಜಮೀನು ಪೆಟ್ಟಿಗೆಗೆ ಬರೋದಿಲ್ಲ. ಕ್ಲಾಸಿಕ್ ಮುಚ್ಚುವಾಗ ಬ್ಯಾಕಪ್ ತಗೊಳ್ಳಲಾ ಅಂತ ಕೇಳುತ್ತದಲ್ಲ, ಅದು ಪಹಣಿಯ ಜೆರಾಕ್ಸ್ ಅಷ್ಟೇ, ಫೋಟೊ ಒಂದೂ ಅದರಲ್ಲಿಲ್ಲ. ನಮ್ಮ ಪೈಕಿಯ ಹುಡುಗನೊಬ್ಬ ಎರಡು ವರ್ಷ ಆ ಬ್ಯಾಕಪ್ ನಂಬಿಕೊಂಡು ಡಿಸ್ಕಿನ ಫೋಲ್ಡರುಗಳನ್ನು ಅಳಿಸುತ್ತಾ ಬಂದಿದ್ದ.

ಪಹಣಿ ಎಡವಟ್ಟು ಇನ್ನೊಂದು ಇದೆ, ನಿಮಗೂ ಆಗೇ ಆಗುತ್ತದೆ. ವಿಂಡೋಸಿನಲ್ಲಿ ನಿನ್ನೆ 'ಇ' ಡ್ರೈವ್ ಆಗಿದ್ದ ಡಿಸ್ಕ್, ಇವತ್ತು ಪೆನ್‌ಡ್ರೈವ್ ಮೊದಲು ಸಿಕ್ಕಿಸಿದ್ದಕ್ಕೆ 'ಎಫ್' ಆಗಿಬಿಡುತ್ತದೆ. ಕ್ಲಾಸಿಕ್ ತೆರೆದರೆ ಫೋಲ್ಡರುಗಳ ಮೇಲೆಲ್ಲ ಪ್ರಶ್ನಾರ್ಥಕ ಚಿಹ್ನೆ. ಎದೆ ಧಸಕ್ ಅನ್ನುತ್ತದೆ, ಆದರೆ ಏನೂ ಹೋಗಿರೋದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಹಳೇ ಅಕ್ಷರ ವಾಪಸ್ ಕೊಡಿ, ಸರಿಯಾಗುತ್ತದೆ. ನಾನು ಫೋಟೊ ಡಿಸ್ಕಿಗೆ 'ಪಿ' ಅಂತ ಕೊಟ್ಟಿದ್ದೇನೆ, ಅಷ್ಟು ದೂರದ ಅಕ್ಷರದ ತಂಟೆಗೆ ಯಾವ ಪೆನ್‌ಡ್ರೈವೂ ಬರೋದಿಲ್ಲ.

ಡಿಸ್ಕ್ ಡಿಸ್ಕ್ ಅಂತ ಇಷ್ಟು ಹೇಳುವವನು ಅದರಿಂದ ಏಟು ತಿಂದದ್ದನ್ನೂ ಹೇಳಬೇಕಲ್ಲ. ಮೇ ತಿಂಗಳು, ಮದುವೆ ಸೀಸನ್. ಸಂಜೆ ಅಡ್ಡಮಳೆ. ಮನೆಯಲ್ಲೇ ಕುಳಿತು ಹಿಂದಿನ ದಿನದ ಮದುವೆಯನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಾಪಿ ಹಾಕಿದ್ದೆ. ಯುಪಿಎಸ್ ಇದೆಯಲ್ಲ ಅನ್ನೋ ಧೈರ್ಯ. ಸಿಡಿಲು ಬಡಿದದ್ದು ಕೊಟ್ಟಿಗೆ ಹಿಂದಿನ ತೆಂಗಿನಮರಕ್ಕೆ, ಒಳಗೆ ಬಂದದ್ದು ಇಂಟರ್ನೆಟ್ ವೈರಿನಲ್ಲಿ. ಮೋಡೆಮ್‌ನಿಂದ ಸುಟ್ಟ ವಾಸನೆ, ಕಂಪ್ಯೂಟರ್ ಸದ್ದಿಲ್ಲ. "ಎರಡನೇ ಡಿಸ್ಕ್ ಇದೆಯಲ್ರೀ" ಅಂದಳು ಹೆಂಡತಿ. ಇತ್ತು. ಅದೂ ಅದೇ ಕಂಪ್ಯೂಟರಿಗೇ ಸಿಕ್ಕಿಸಿಕೊಂಡಿತ್ತು. ಬೆಂಗಳೂರಿಗೆ ಕಳಿಸಿ ಹಳೇ ಫೋಟೊ ಬಹುಪಾಲು ತೆಗೆಸಿದೆ, ಬಿಲ್ಲಿನಲ್ಲಿ ಒಂದು ಒಳ್ಳೆ ಲೆನ್ಸ್ ಬರುತ್ತಿತ್ತು. ಹಿಂದಿನ ದಿನದ ಮದುವೆ ಮಾತ್ರ ಸಿಗಲಿಲ್ಲ. ಕಾರ್ಡನ್ನು ಆವತ್ತು ಬೆಳಗ್ಗೆಯೇ ಫಾರ್ಮ್ಯಾಟ್ ಮಾಡಿದ್ದೆ.

ಆ ಮದುವೆಯನ್ನು ಉಳಿಸಿದ್ದು ಕ್ಲೌಡ್. ಹೌದು, ನಾನು ಬೇಡ ಅಂದ ಅದೇ ಕ್ಲೌಡ್. ಹುಡುಗಿಯ ಮನೆಯವರಿಗೆ ಮೊಬೈಲಿನಲ್ಲಿ ತೋರಿಸೋಕೆ ಅಂತ ಆರಿಸಿದ ನಾನೂರು ಚಿಲ್ಲರೆ ಫೋಟೊಗಳನ್ನು ಕ್ಲಾಸಿಕ್‌ನಲ್ಲಿ ಒಂದು ಕಲೆಕ್ಷನ್ ಮಾಡಿ ಸಿಂಕ್‌ಗೆ ಬಿಟ್ಟಿದ್ದೆ. ಕ್ಲಾಸಿಕ್ ಮೇಲಕ್ಕೆ ಕಳಿಸೋದು ಮೂಲ ಫೈಲನ್ನಲ್ಲ, ಸ್ಮಾರ್ಟ್ ಪ್ರಿವ್ಯೂ ಅನ್ನೋ ಸಣ್ಣ ಪ್ರತಿಯನ್ನು. ಉದ್ದನೆ ಬದಿ 2560 ಪಿಕ್ಸೆಲ್. ಮೂಲಕ್ಕಿಂತ ಎಷ್ಟೋ ಹಗುರ, ಹಾಗಾಗಿ ನಮ್ಮ ಲಡಕಾಸಿ ನೆಟ್ಟಿನಲ್ಲೂ ಆ ಸಿಡಿಲಿಗೆ ಮೊದಲೇ ಹೋಗಿತ್ತು. ಅದು ನಿಮ್ಮ ಕ್ಲೌಡ್ ಜಾಗದ ಲೆಕ್ಕಕ್ಕೂ ಬರೋದಿಲ್ಲ. ಮೊಬೈಲಿನಿಂದ ಅವನ್ನೇ ಇಳಿಸಿಕೊಂಡೆ. 2560 ಪಿಕ್ಸೆಲ್ ಅಂದರೆ 300 ಡಿಪಿಐನಲ್ಲಿ (ಪ್ರಿಂಟಿನಲ್ಲಿ ಇಂಚಿಗೆ 300 ಚುಕ್ಕೆ) ಎಂಟೂವರೆ ಇಂಚು. 12x36ರ ಹಾಳೆಯ ತುಂಬ ಒಂದೇ ಫೋಟೊ ಹರಡುವ ಡಿಸೈನ್ ಆಗಲಿಲ್ಲ, ಚಿಕ್ಕ ಚಿಕ್ಕ ಫೋಟೊ ಜೋಡಿಸಿ ಆಲ್ಬಮ್ ಮಾಡಿದೆ. ಹುಡುಗಿಯ ಸೋದರತ್ತೆ ನೋಡಿ, ಈಗ ಇದೇ ಫ್ಯಾಷನ್ನಾ ಅಂತ ಕೇಳಿದರು. ಹೌದಮ್ಮಾ ಅಂದೆ.

ಹಾಗಾಗಿ ಕ್ಲೌಡನ್ನು ಪೂರ್ತಿ ಬಿಡಬೇಡಿ, ಅದಕ್ಕೆ ಈ ಕೆಲಸ ಕೊಡಿ. ಆರಿಸಿದ್ದನ್ನೆಲ್ಲ ಸ್ಮಾರ್ಟ್ ಪ್ರಿವ್ಯೂ ಆಗಿ ಕಳಿಸುತ್ತಿರಿ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಎಡಿಟ್ ಮಾಡಿದರೂ ಮನೆಯ ಕಂಪ್ಯೂಟರಿಗೆ ಬಂದು ಕೂರುತ್ತದೆ.

ಮೂಲ ಫೈಲುಗಳನ್ನೇ ಮೇಲಿಡುವವರು ಒಂದು ಮಾತು ಮರೆಯುತ್ತಾರೆ: ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಮೊಬೈಲಿನಲ್ಲಿ ಮಗು ಕೈಯಾಡಿಸಿ ಅಳಿಸಿದ ಫೋಟೊ ಕ್ಲೌಡಿನಿಂದಲೂ ಲ್ಯಾಪ್‌ಟಾಪಿನಿಂದಲೂ ಹೋಗುತ್ತದೆ. ಅಳಿಸಿದ್ದರ ಬುಟ್ಟಿಯಲ್ಲಿ 60 ದಿನ ಇರುತ್ತದೆ, ನೋಡಿಕೊಂಡರೆ ಬಚಾವ್. 2020ರ ಆಗಸ್ಟಿನಲ್ಲಿ ಐಫೋನಿನ ಲೈಟ್‌ರೂಮ್ 5.4 ಅಪ್‌ಡೇಟ್ ಬಂದಾಗ, ಇನ್ನೂ ಮೇಲಕ್ಕೆ ಹೋಗದೆ ಫೋನಿನಲ್ಲೇ ಉಳಿದಿದ್ದ ಫೋಟೊಗಳು, ಪ್ರಿಸೆಟ್‌ಗಳು (ಉಳಿಸಿಟ್ಟ ಎಡಿಟ್ ಸೆಟ್ಟಿಂಗುಗಳು) ಅಳಿಸಿಹೋದವು, ವಾಪಸ್ ತರಿಸಿಕೊಡೋಕೆ ಆಗೋದಿಲ್ಲ ಅಂತ ಕಂಪನಿಯೇ ಹೇಳಿತು. ನೆಟ್ ನಿಧಾನ ಇರುವ ನಮ್ಮಂಥವರ ಫೋಟೊಗಳೇ ಈ 'ಇನ್ನೂ ಹೋಗದ' ಪಟ್ಟಿಯಲ್ಲಿ ದಿನಗಟ್ಟಲೆ ಕೂತಿರೋದು.

ಚಂದಾ ನಿಲ್ಲಿಸಿದರೆ ಏನು ಗತಿ ಅಂತಲೂ ಕೇಳಿದ್ದೀರಿ. ಕ್ಲಾಸಿಕ್‌ನಲ್ಲಿ ಎಡಿಟ್ ಮಾಡುವ ಡೆವಲಪ್ ವಿಭಾಗ, ನಕ್ಷೆಯ ಮ್ಯಾಪ್ ವಿಭಾಗ ಎರಡಕ್ಕೆ ಬೀಗ ಬೀಳುತ್ತದೆ. ಲೈಬ್ರರಿ ತೆರೆಯುತ್ತದೆ, ಹುಡುಕಬಹುದು, ಮಾಡಿಟ್ಟ ಎಡಿಟ್ ಸಮೇತ ಎಕ್ಸ್‌ಪೋರ್ಟ್ ಮಾಡಬಹುದು. ಫೋಟೊ ಹೇಗೂ ನಿಮ್ಮ ಡಿಸ್ಕಿನಲ್ಲೇ ಇದೆ. ಎಲ್ಲವೂ ಕ್ಲೌಡಿನಲ್ಲಿದ್ದರೆ ಕಥೆ ಬೇರೆ, ಗಡುವಿನೊಳಗೆ 700 ಜಿಬಿ ಕೆಳಗಿಳಿಸಿಕೊಳ್ಳಬೇಕು. ಅಡಿಕೆಯನ್ನು ಮಂಡಿಯ ಗೋದಾಮಿನಲ್ಲಿಟ್ಟ ಹಾಗೆ: ಮಾಲು ನಮ್ಮದೇ, ಎತ್ತಿಕೊಂಡು ಬರೋಕೆ ಲಾರಿ ನಾವೇ ಹೊಂದಿಸಬೇಕು. ಕ್ಯಾಟಲಾಗ್ ಸೆಟ್ಟಿಂಗ್ಸಿನ ಮೆಟಾಡೇಟಾ ಪುಟದಲ್ಲಿ ಎಕ್ಸ್‌ಎಂಪಿಗೆ ತಾನಾಗಿ ಬರೆಯುವ ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿಡಿ. ಎಡಿಟ್ ವಿವರ ಫೋಟೊದ ಪಕ್ಕದಲ್ಲೇ ಒಂದು ಸಣ್ಣ ಫೈಲಾಗಿ ಕೂರುತ್ತದೆ. ಕಲೆಕ್ಷನ್, ವರ್ಚುವಲ್ ಕಾಪಿ (ಅದೇ ಫೋಟೊಗೆ ಮಾಡಿಟ್ಟ ಬೇರೆ ಎಡಿಟ್) ಅದರಲ್ಲಿ ಬರೋದಿಲ್ಲ, ಹಾಗಾಗಿ ಕ್ಯಾಟಲಾಗ್ ಬ್ಯಾಕಪ್ ಬಿಡುವ ಹಾಗಿಲ್ಲ.

ಡಿಸ್ಕ್ ಎಷ್ಟು ಬೇಕು? ಮೂರು, 2 ಟಿಬಿಯವು. ಒಂದು ಕೆಲಸಕ್ಕೆ. ಇನ್ನೊಂದು ಅದರ ನಕಲಿಗೆ, ಕಾಪಿ ಮುಗಿದ ಕೂಡಲೇ ಕಿತ್ತು ಬೀರುವಿಗೆ. ಮೋಡ ಕಟ್ಟಿದ್ದರೆ ಸಿಕ್ಕಿಸೋದೇ ಬೇಡ, ನೆಟ್ಟಿನ ವೈರನ್ನೂ ಕಿತ್ತಿಡಿ. ಮೂರನೆಯದು ಬೇರೆ ಮನೆಯಲ್ಲಿ. ನನ್ನದು ಅದೇ ಷಡ್ಡಕನ ಮನೆಯಲ್ಲಿದೆ. ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗುವಾಗ ಹೊಸ ನಕಲು ಕೊಟ್ಟು ಹಳೇದು ತರುತ್ತೇನೆ, ಜೊತೆಗೆ ಒಂದು ಚೀಲ ತೆಂಗಿನಕಾಯಿ. ಅದು ಬಾಡಿಗೆ. ಡಿಸ್ಕನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಲೆನ್ಸಿಗೆ ಬೂಷ್ಟು ಹಿಡಿಯುವ ಊರು ನಮ್ಮದು. ಬೆಚ್ಚಗಿರುತ್ತದೆ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ನಗಬೇಡಿ, ಇಟ್ಟವರನ್ನು ಕಂಡಿದ್ದೇನೆ.

ಫೋನ್, ಟ್ಯಾಬ್ಲೆಟ್‌ನಲ್ಲೇ ಎಲ್ಲ ಕೆಲಸ, ವರ್ಷಕ್ಕೆ ಎರಡು ಮೂರು ಸಾವಿರ ಫೋಟೊ, ಊರಲ್ಲಿ ಒಳ್ಳೆ ಫೈಬರ್ ಇದೆ ಅನ್ನುವವರಾಗಿದ್ದರೆ ನನ್ನ ಉತ್ತರ ತಿರುಗಾಮುರುಗಾ ಆಗುತ್ತಿತ್ತು. ಅವರಿಗೆ ಕ್ಲೌಡ್ ಲೈಟ್‌ರೂಮೇ ಸುಖ. ಆದರೂ ಪ್ರಿಫರೆನ್ಸಿನ ಲೋಕಲ್ ಸ್ಟೋರೇಜ್‌ನಲ್ಲಿ ಎಲ್ಲ ಮೂಲ ಫೈಲುಗಳ ಪ್ರತಿಯನ್ನೂ ಇಂಥ ಜಾಗದಲ್ಲಿಡು ಅನ್ನೋ ಆಯ್ಕೆ ಒತ್ತಿ, ಹೊರಗಿನ ಡಿಸ್ಕ್ ತೋರಿಸಿಬಿಡಬೇಕು. ತಿಂಗಳ ಚಂದಾವೇ ಭಾರ ಅನ್ನಿಸಿದರೆ ಡಾರ್ಕ್‌ಟೇಬಲ್ ಅನ್ನೋ ಇಂಥದ್ದೇ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಕಲಿಯೋಕೆ ತಾಳ್ಮೆ ಬೇಕು. ನನಗಿರಲಿಲ್ಲ.

ಶುರು ಮಾಡುವಾಗ ಒಂದು ಎಚ್ಚರ. ಕ್ಲಾಸಿಕ್‌ನ ಇಂಪೋರ್ಟ್ ಪರದೆಯ ಮೇಲ್ಗಡೆ ನಾಲ್ಕು ಆಯ್ಕೆ ಕಾಣುತ್ತವೆ: ಕಾಪಿ ಆ್ಯಸ್ ಡಿಎನ್‌ಜಿ, ಕಾಪಿ, ಮೂವ್, ಆ್ಯಡ್. ಹಳೇ 700 ಜಿಬಿಯನ್ನು ಮೊದಲು ಹೊಸ ಡಿಸ್ಕಿಗೆ ನೀವೇ ಕೈಯಾರೆ ಹಾಕಿ, ವರ್ಷವಾರು ಫೋಲ್ಡರ್ ಮಾಡಿ, ಆಮೇಲೆ ಇಲ್ಲಿಗೆ ಬಂದು ಆ್ಯಡ್ ಒತ್ತಿ. ಫೋಟೊ ಇದ್ದಲ್ಲೇ ಇರುತ್ತದೆ, ಪಹಣಿ ಮಾತ್ರ ಹೊಸದಾಗುತ್ತದೆ. ಕಾಪಿ ಒತ್ತಿದರೆ ಅಷ್ಟೂ ಇನ್ನೊಂದು ಸಲ ನಕಲಾಗಿ ಲ್ಯಾಪ್‌ಟಾಪಿನ ಸಿ ಡ್ರೈವ್ ತುಂಬಿ ನಿಲ್ಲುತ್ತದೆ, ಸಾಮಾನ್ಯವಾಗಿ ರಾತ್ರಿ ಹನ್ನೊಂದು ಗಂಟೆಗೆ.