ಗಾಡಿ ತಗ್ಗಿಸುವ ಮೊದಲು ಟೈರಿನ ವಯಸ್ಸು ನೋಡಿ

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ತಿರ 2017ರ ಫೋರ್ಡ್ ಮಸ್ಟಾಂಗ್ ಜಿಟಿ ಇದೆ. ಹೋದ ವರ್ಷ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. 24 ಸಾವಿರ ಕಿ.ಮೀ. ಓಡಿದೆ. ನಮ್ಮದು ಮೂಡಿಗೆರೆ ಹತ್ತಿರ ತೋಟ. ನೇರ ರಸ್ತೆಯಲ್ಲಿ ಗಾಡಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ತಿರುವುಗಳಲ್ಲಿ ಮೂತಿ ಹೊರಗಡೆಗೆ ಎಳೆಯುತ್ತದೆ. ತಿರುವಿನ ಮಧ್ಯೆ ಗುಂಡಿ ಸಿಕ್ಕರೆ ಹಿಂಭಾಗ ಪಕ್ಕಕ್ಕೆ ಜಿಗಿಯುತ್ತದೆ. ನಿಂತಲ್ಲಿಂದ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಹಿಂದೆ ಧಡಧಡ ಅಂತ ಕುಲುಕುತ್ತದೆ. ಒಂದು ಅಂಗಡಿಯವರು ಗಾಡಿ ತಗ್ಗಿಸುವ ಲೋಯರಿಂಗ್ ಸ್ಪ್ರಿಂಗ್, ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ಆ್ಯಂಟಿ ರೋಲ್ ಬಾರ್ ಮುಂದೆ ಹಿಂದೆ ದಪ್ಪದ್ದು, ಎಲ್ಲಾ ಒಟ್ಟಿಗೆ ಹಾಕಿಸಿ ಅಂತಿದ್ದಾರೆ. ಹಾಕಿಸಲಾ? ಟೈರ್ ಚೆನ್ನಾಗಿದೆ, ಬಟನ್ ಇನ್ನೂ ಆಳ ಇದೆ.
— ಓದುಗರು, ಮೂಡಿಗೆರೆ

ಉತ್ತರ: ಈಗಲೇ ಹಾಕಿಸಬೇಡಿ. ನೀವು ಬರೆದಿರುವುದು ಮೂರು ತೊಂದರೆ. ಮೂರಕ್ಕೂ ಕಾರಣ ಬೇರೆ ಬೇರೆ. ಎಲ್ಲಾ ಸಾಮಾನು ಒಟ್ಟಿಗೆ ಹಾಕಿಬಿಟ್ಟರೆ ಯಾವುದರಿಂದ ಏನಾಯಿತು ಅಂತ ನಿಮಗೂ ಗೊತ್ತಾಗಲ್ಲ, ಕೆಲಸ ಮಾಡಿದವರಿಗೂ ಗೊತ್ತಾಗಲ್ಲ.

ನಿಮ್ಮ ಕಾಗದದ ಕೊನೆಯ ಸಾಲೇ ನನಗೆ ಮುಖ್ಯವಾಗಿ ಕಂಡಿತು. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಓದಿ. 2317 ಅಂತಿದ್ದರೆ 2017ನೇ ಇಸವಿಯ 23ನೇ ವಾರ ತಯಾರಾದ ಟೈರ್ ಅಂತ ಅರ್ಥ. ಹೊರಪಕ್ಕದಲ್ಲಿ ಅಂಕಿ ಕಾಣದಿದ್ದರೆ ಟಾರ್ಚ್ ಹಿಡಿದು ಒಳಪಕ್ಕ ನೋಡಿ, ಪೂರ್ತಿ ನಂಬರ್ ಎಷ್ಟೋ ಸಲ ಒಂದೇ ಪಕ್ಕದಲ್ಲಿರುತ್ತದೆ. ಇಷ್ಟು ಕಡಿಮೆ ಓಡಿರುವ ಗಾಡಿಯಲ್ಲಿ ಕಂಪನಿಯಿಂದ ಬಂದ ಟೈರೇ ಇನ್ನೂ ಇರಬಹುದು. ಬಟನ್ ಆಳ ಇದ್ದರೆ ಸಾಲದು. ಕಾಲ ಕಳೆದ ಹಾಗೆ ರಬ್ಬರ್ ಹಳೇ ಹವಾಯಿ ಚಪ್ಪಲಿಯ ಥರ ಗಟ್ಟಿಯಾಗುತ್ತದೆ. ಒದ್ದೆ ರಸ್ತೆಯಲ್ಲಿ ಅಂಥ ಟೈರಿಗೆ ಹಿಡಿತ ಇರುವುದಿಲ್ಲ. ಮೂತಿ ಹೊರಗೆ ಹೋಗುವುದರಲ್ಲಿ ದೊಡ್ಡ ಪಾಲು ಇದರದ್ದೇ ಅಂತ ನನ್ನ ಅಂದಾಜು. ಟೈರ್ ಆರು ವರ್ಷ ದಾಟಿದ್ದರೆ ನಾಲ್ಕನ್ನೂ ಬದಲಾಯಿಸಿ. ಹೊಸದಕ್ಕೆ ಗಾಳಿ ತುಂಬಿಸುವಾಗ ಡ್ರೈವರ್ ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿರುವಷ್ಟೇ ತುಂಬಿಸಿ. ಬೆಳಗ್ಗೆ ಗಾಡಿ ಓಡುವ ಮುಂಚೆ, ಟೈರ್ ತಣ್ಣಗಿದ್ದಾಗ.

ಇದು ಮುಗಿದ ಮೇಲೆ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ. ಮುಂದಿನ ಚಕ್ರಗಳನ್ನು ಬಾಡಿ ಜೊತೆ ಸೇರಿಸುವ ಲಿಂಕ್‌ಗಳ ಬುಷ್‌ಗಳನ್ನು, ಅಂದರೆ ಕೀಲಿನ ರಬ್ಬರ್‌ಗಳನ್ನು, ಕಬ್ಬಿಣದ ರಾಡ್ ಹಾಕಿ ಮೀಟಿ ನೋಡಲು ಹೇಳಿ. ರಬ್ಬರ್ ಬಿರುಕು ಬಿಟ್ಟಿದೆಯಾ, ಬಾಲ್ ಜಾಯಿಂಟ್ (ಗುಂಡಿನಾಕಾರದ ಕೀಲು) ಸಡಿಲವಾಗಿ ಆಡುತ್ತಿದೆಯಾ, ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಇಳಿದಿದೆಯಾ, ಒಂದೊಂದನ್ನೂ ನೀವೇ ಪಕ್ಕದಲ್ಲಿ ನಿಂತು ನೋಡಿ.

ಬುಷ್ ಬದಲಾಯಿಸುವ ಹಾಗಾದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಎಷ್ಟೋ ಕಡೆ ಇದನ್ನು ಗಮನಿಸುವುದೇ ಇಲ್ಲ. ಗಾಡಿ ಲಿಫ್ಟ್ ಮೇಲಿದ್ದಾಗ ಚಕ್ರಗಳು ಕೆಳಗೆ ಜೋತು ಬಿದ್ದಿರುತ್ತವೆ. ಆಗಲೇ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದರೆ ರಬ್ಬರ್ ಆ ಜೋತ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಕೆಳಗಿಳಿದು ತನ್ನ ಭಾರದ ಮೇಲೆ ನಿಂತ ಕೂಡಲೇ ಆ ರಬ್ಬರ್ ತಿರುಚಿಕೊಳ್ಳುತ್ತದೆ. ಶೆಡ್ಡಿನಲ್ಲಿ ಸುಮ್ನೆ ನಿಂತಿದ್ದರೂ ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ ಬೇಗ ಹರಿಯುವುದು ಹೀಗೆ. ಆಮೇಲೆ 'ಸಾಮಾನು ಸರಿ ಇಲ್ಲ' ಅಂತ ಅದರ ಮೇಲೆ ಗೂಬೆ ಕೂರಿಸುತ್ತಾರೆ. ಸರಿಯಾದ ಕ್ರಮ ಅಂದರೆ ಬೋಲ್ಟ್ ಕೈಬಿಗಿಯಲ್ಲಿಟ್ಟು, ಚಕ್ರದ ಮೇಲೆ ಗಾಡಿಯ ಭಾರ ಬಿಟ್ಟು, ಆಮೇಲೆ ಟಾರ್ಕ್ ರೆಂಚ್‌ನಲ್ಲಿ ಕಂಪನಿ ಹೇಳಿದ ಅಳತೆಗೆ ಬಿಗಿಯಬೇಕು. ನಮ್ಮ ಹಾಸನದ ಗ್ಯಾರೇಜಿನಲ್ಲಿ ತೋಟದ ಪಿಕಪ್ ಬಂದರೂ ಇದೇ ಕ್ರಮ. ನಿಮ್ಮ ಮಸ್ಟಾಂಗ್ ಬಂದರೂ ಇದೇ.

ಈಗ ಸ್ಪ್ರಿಂಗ್ ವಿಷಯ. ನಿಮ್ಮ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ ಸುಮಾರು 137 ಮಿ.ಮೀ. ಅದನ್ನು 30 ಮಿ.ಮೀ. ತಗ್ಗಿಸಿದರೆ ಉಳಿಯುವುದು 107. ನಿಯಮದ ಪ್ರಕಾರ ಕಟ್ಟಿದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಬೇಲೂರು ದಾರಿಯ ಹಳ್ಳಿಗಳಲ್ಲಿ ಜನ ತಾವೇ ಹಾಕಿಕೊಂಡ ಹಂಪ್ಸ್ ಆ ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಮಗೆ ನಾನು ಹೇಳಬೇಕಾ?

ಹೊಟ್ಟೆ ತಾಗುವುದು ಒಂದು ಕಡೆ ಇರಲಿ. ಗಾಡಿ ತಗ್ಗಿಸಿದರೆ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವ ಜಾಗವೂ ಕಡಿಮೆಯಾಗುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಆಗಲೇ ಅರ್ಧ ಒಳಗೆ ಹೋಗಿರುತ್ತದೆ. ಅಲ್ಲೊಂದು ಗುಂಡಿ ಸಿಕ್ಕರೆ ಸೀದಾ ಬಂಪ್ ಸ್ಟಾಪ್‌ಗೆ, ಅಂದರೆ ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ತಡೆಯುವ ತುಂಡಿಗೆ, ಬಡಿಯುತ್ತದೆ. ಆ ಕ್ಷಣಕ್ಕೆ ಸ್ಪ್ರಿಂಗ್ ಕಲ್ಲಾದಂತೆಯೇ. ಟೈರ್ ರಸ್ತೆ ಬಿಡುತ್ತದೆ, ಗಾಡಿ ಪಕ್ಕಕ್ಕೆ ಜಿಗಿಯುತ್ತದೆ. ಈಗ ನೀವು ದೂರುತ್ತಿರುವುದೂ ಅದನ್ನೇ ಅಲ್ವಾ? ಇನ್ನೊಂದು, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದೇ ಕಂಬದ ಹಾಗೆ ಸೇರಿದ್ದು) ಇರುವ ಗಾಡಿಯ ಮೂತಿಯನ್ನು ಜಾಸ್ತಿ ತಗ್ಗಿಸಿದರೆ ರೋಲ್ ಸೆಂಟರ್, ಅಂದರೆ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಗಾಡಿಗಿಂತ ಜಾಸ್ತಿ ಕೆಳಗಿಳಿಯುತ್ತದೆ. ನೋಡಲು ಗಾಡಿ ರಸ್ತೆಗೆ ಅಂಟಿದ ಹಾಗಿರುತ್ತದೆ, ಆದರೆ ತಿರುವಿನಲ್ಲಿ ವಾಲಿಸುವ ಬಲಕ್ಕೆ ಉದ್ದನೆಯ ಸನ್ನೆಕೋಲು ಸಿಕ್ಕಿದ ಹಾಗಾಗುತ್ತದೆ. ನುಣುಪಾದ ರೇಸ್ ಟ್ರ್ಯಾಕಿನಲ್ಲಿ ಇದಕ್ಕೆಲ್ಲ ಬೇರೆ ಬೇರೆ ಉಪಾಯ ಇದೆ. ಮೂಡಿಗೆರೆಯಲ್ಲಿ ಇರುವ ಎತ್ತರವನ್ನು ಉಳಿಸಿಕೊಳ್ಳುವುದೇ ಸರಿ.

ದುಡ್ಡು ಹಾಕುವುದಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಹಾಕಿ. ಸ್ಪ್ರಿಂಗ್ ಭಾರ ಹೊರುತ್ತದೆ. ಆದರೆ ಒತ್ತಿದ ಸ್ಪ್ರಿಂಗ್ ಮತ್ತೆ ಎಷ್ಟು ವೇಗವಾಗಿ ಎದ್ದು ಬರಬೇಕು ಅಂತ ನಿರ್ಧರಿಸುವುದು ಶಾಕ್. ಅದು ಸೋತಿದ್ದರೆ ಗುಂಡಿ ದಾಟಿದ ಮೇಲೂ ಚಕ್ರ ಕುಣಿಯುತ್ತಲೇ ಇರುತ್ತದೆ, ಕುಣಿಯುವಷ್ಟು ಹೊತ್ತೂ ಹಿಡಿತ ಇಲ್ಲ. ಬಿಲ್‌ಸ್ಟೀನ್, ಕೋನಿಯಂಥ ಕಂಪನಿಗಳು ಕಾರಿನ ಮೂಲ ಸ್ಪ್ರಿಂಗ್ ಜೊತೆಗೇ ಕೂರುವ ಶಾಕ್‌ಗಳನ್ನು ಮಾಡುತ್ತವೆ. ತರಿಸುವಾಗ ಮೂಲ ಎತ್ತರಕ್ಕೆ ಮಾಡಿದ್ದೇ ಬೇಕು ಅಂತ ಕೇಳಿ. ಜೊತೆಗೆ ಸ್ಟ್ರಟ್ ಮೇಲಿನ ಮೌಂಟ್, ಬಂಪ್ ಸ್ಟಾಪ್ ಹೊಸದು ಹಾಕಿಸಿ. ಬಿಚ್ಚುವ ಕೂಲಿ ಒಂದೇ.

ಆ ಧಡಧಡ ಕುಲುಕಾಟ ಈ ಗಾಡಿಯ ಗೊತ್ತಿರುವ ಗುಣ. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಸ್ಟಾಂಗ್ ಹುಟ್ಟಿದ್ದು 1964ರಲ್ಲಿ. 1999ರಿಂದ 2004ರ ನಡುವಿನ ಕೋಬ್ರಾ ಮಾಡೆಲ್ ಬಿಟ್ಟರೆ, 2014ರವರೆಗೂ ಮಾರಾಟಕ್ಕೆ ಬಂದದ್ದೆಲ್ಲ ಹಿಂದೆ ಗಟ್ಟಿ ಆಕ್ಸಲ್ ಇದ್ದ ಗಾಡಿಗಳೇ, ನಮ್ಮ ತೋಟದ ಜೀಪುಗಳಿಗೆ ಇರುತ್ತದಲ್ಲ, ಹಾಗೆ. 2015ರ ಮಾಡೆಲ್‌ನಿಂದ ಎಲ್ಲದಕ್ಕೂ ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಎರಡು ಚಕ್ರವೂ ಬೇರೆ ಬೇರೆಯಾಗಿ ಆಡುವ ವ್ಯವಸ್ಥೆ, ಬಂತು. 2016ರಲ್ಲಿ ಭಾರತಕ್ಕೆ ಬಂದದ್ದೂ ಅದೇ. ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಕ್ಕೂ ಹಂಚುವ ಡಿಫರೆನ್ಷಿಯಲ್, ಲಿಂಕ್‌ಗಳು ಎಲ್ಲಾ ಒಂದು ಉಕ್ಕಿನ ಚೌಕಟ್ಟಿನಲ್ಲಿ ಕೂತಿವೆ. ಆ ಚೌಕಟ್ಟು ನಾಲ್ಕು ದೊಡ್ಡ ರಬ್ಬರ್ ಬುಷ್ ಮೂಲಕ ಗಾಡಿಯ ಬಾಡಿಯನ್ನು ಹಿಡಿದಿದೆ. ಒಳಗೆ ಶಬ್ದ ಬರಬಾರದು ಅಂತ ಕಂಪನಿ ಈ ರಬ್ಬರನ್ನು ಮೆತ್ತಗೆ ಇಟ್ಟಿದೆ. ಐದು ಲೀಟರ್ ವಿ8 ಎಂಜಿನ್ ಒಮ್ಮೆಗೇ ಎಳೆದಾಗ ಇಡೀ ಚೌಕಟ್ಟೇ ತಿರುಚುತ್ತದೆ. ಟೈರ್ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಅದೇ ಆ ಕುಲುಕಾಟ. ಅದು ಶುರುವಾದ ಕೂಡಲೇ ಕಾಲು ತೆಗೆಯಿರಿ, ಹಾಗೇ ಒತ್ತಿ ಹಿಡಿದರೆ ಆಕ್ಸಲ್ ಶಾಫ್ಟ್ ಮುರಿಯಬಹುದು. ಇದಕ್ಕೆ ಮದ್ದು ಆ ಬುಷ್‌ಗಳ ಸಂದಿಗೆ ತುಂಬುವ ಇನ್ಸರ್ಟ್, ಚೌಕಟ್ಟು ಅಲುಗದ ಹಾಗೆ ಹಾಕುವ ಬ್ರೇಸ್. ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಶಾಕ್ ಜೋಡಿಯಾದ ಕಾಯಿಲ್‌ಓವರ್ ಸೆಟ್‌ಗೆ ಹೋಲಿಸಿದರೆ ಖರ್ಚು ಏನೂ ಅಲ್ಲ. ತಿರುವಿನ ಮಧ್ಯೆ ಹಿಂಭಾಗ ಅಲುಗುವುದೂ ಇದರಿಂದ ಕಡಿಮೆಯಾಗುತ್ತದೆ. ಡಿಫರೆನ್ಷಿಯಲ್ ಶಬ್ದ ಸ್ವಲ್ಪ ಜಾಸ್ತಿ ಕೇಳಿಸಬಹುದು, ಅಷ್ಟೇ.

ದಪ್ಪ ಬಾರ್‌ಗೆ ನಾನು ಒಪ್ಪುವುದಿಲ್ಲ. ಒಳಗೆ ಟೊಳ್ಳಿಲ್ಲದ ಬಾರಿನ ದಪ್ಪ 22ರಿಂದ 24 ಮಿ.ಮೀ.ಗೆ ಏರಿದರೆ ಕಣ್ಣಿಗೆ ಗೊತ್ತೇ ಆಗಲ್ಲ, ಆದರೆ ಬಿಗಿ ಶೇ. 40ರಷ್ಟು ಹೆಚ್ಚುತ್ತದೆ. ಮುಂದೆ ಹಾಕಿದರೆ ಮೂತಿ ಇನ್ನೂ ಹೊರಗೆ ಹೋಗುತ್ತದೆ. ಹಿಂದೆ ಹಾಕಿದರೆ ಮೂತಿ ಒಳಗೆ ಬರುತ್ತದೆ ನಿಜ. ಆದರೆ ಚಾರ್ಮಾಡಿಯ ಮಳೆ, ಮಂಜಿನಲ್ಲಿ ಹಿಂಭಾಗ ಜಾರಿದರೆ ಪಕ್ಕದಲ್ಲಿ ಕಣಿವೆ. ಆ ಗಾಡಿಯಲ್ಲಿ ನಿಮ್ಮ ಮನೆಯವರೂ ಕೂರುತ್ತಾರೆ.

ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ. ಗಾಡಿ ಫ್ಯಾಕ್ಟರಿಯಿಂದ ಬಂದ ಹಾಗೇ ಇದ್ದರೆ ಮುಂದಿನ ಚಕ್ರಗಳಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೆ ಹೊರಗೆ ತಿರುಗಿರುವ ಕೋನ) ಮಾತ್ರ ಹೊಂದಿಸಬಹುದು, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಬದಲಿಸಲು ಕ್ಯಾಂಬರ್ ಪ್ಲೇಟ್ ಬೇಕು. ಹಾಕಿಸಿದರೆ ಮೈನಸ್ ಒಂದೂವರೆ ಡಿಗ್ರಿ ಹತ್ತಿರ ಇಡಿಸಿ. ಘಾಟಿಗೂ ಆಗುತ್ತದೆ, ಟೈರಿನ ಒಳ ಅಂಚೂ ಬೇಗ ಸವೆಯುವುದಿಲ್ಲ. ಮುಂಚಿನ, ಆಮೇಲಿನ ಪ್ರಿಂಟ್ ಎರಡೂ ಕೇಳಿ ಇಸ್ಕೊಳ್ಳಿ.

ಕಾನೂನಿನ ಮಾತು ಬಿಡಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿ ಮಾಡಿತು. ಕೆಲಸಕ್ಕೆ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ.

ಟೈರ್ ಹಾಕಿಸಿದ ಮೇಲೆ ಒಂದು ತಿಂಗಳು ಓಡಿಸಿ, ಮತ್ತೆ ನನಗೆ ಬರೆಯಿರಿ. ಉಳಿದದ್ದರಲ್ಲಿ ಎಷ್ಟು ಬೇಕು ಅಂತ ಆಗ ನೋಡೋಣ.

ಪ್ರಶ್ನೆ: ಚಿಕ್ಕಮಗಳೂರಿನ ರ‍್ಯಾಲಿ ನೋಡಿದ್ದೇನೆ ಸರ್. ಆ ಕಾರುಗಳು ಎತ್ತರಕ್ಕಿದ್ದವು, ಸಸ್ಪೆನ್ಷನ್ ಮೆತ್ತಗೆ ಕಂಡಿತು. ಆದರೂ ಅಷ್ಟು ವೇಗ ಹೇಗೆ? ಬಿಗಿ ಇದ್ದರೆ ಹ್ಯಾಂಡ್ಲಿಂಗ್ ಒಳ್ಳೆಯದು ಅಂತಾರಲ್ಲ?
— ಆಟೋಮೊಬೈಲ್ ವಿದ್ಯಾರ್ಥಿ, ಹಾಸನ

ಉತ್ತರ: ಒಳ್ಳೆ ಪ್ರಶ್ನೆ. ತೋಟದ ಮಣ್ಣುದಾರಿಯಲ್ಲಿ ಓಡುವ ಆ ರ‍್ಯಾಲಿ ಕಾರಿನ ಸ್ಪ್ರಿಂಗ್ ಮೆತ್ತಗಿರುತ್ತದೆ, ಚಕ್ರ ಮೇಲೆ ಕೆಳಗೆ ಆಡುವ ಜಾಗ ತುಂಬಾ ಇರುತ್ತದೆ. ಗುಟ್ಟು ಇರುವುದು ಶಾಕ್‌ನಲ್ಲಿ. ಅದರೊಳಗೆ ಎಣ್ಣೆ ಜಾಸ್ತಿ, ಅಷ್ಟು ಬಡಿತ ತಿಂದರೂ ಬಿಸಿಯಾಗಿ ಸೋಲುವುದಿಲ್ಲ. ನಮ್ಮ ದೇಶದ ರ‍್ಯಾಲಿ ಚಾಲಕ ಗೌರವ್ ಗಿಲ್ 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆಗಿದ್ದು ಸ್ಕೋಡಾ ಫ್ಯಾಬಿಯಾ ಆರ್5 ಕಾರಿನಲ್ಲಿ. ಅದೇ ಕಾರನ್ನು ಡಾಂಬರು ರ‍್ಯಾಲಿಗೆ ತಯಾರು ಮಾಡುವಾಗ ತಗ್ಗಿಸುತ್ತಾರೆ, ಬಿಗಿಯಾದ ಸ್ಪ್ರಿಂಗ್ ಹಾಕುತ್ತಾರೆ. ಅಂದರೆ ಬಿಗಿ ಎಷ್ಟಿರಬೇಕು ಅಂತ ಹೇಳುವುದು ರಸ್ತೆ. ಮುಂದಿನ ಸಲ ರ‍್ಯಾಲಿಗೆ ಹೋದರೆ ಕಾರುಗಳನ್ನು ರಿಪೇರಿ ಮಾಡುವ ಸರ್ವಿಸ್ ಪಾರ್ಕಿನಲ್ಲಿ ನಿಂತು ಅವರು ಶಾಕ್ ಬದಲಿಸುವುದನ್ನು ನೋಡಿ. ಪುಸ್ತಕದಲ್ಲಿ ಸಿಗದ ಪಾಠ ಅಲ್ಲಿ ಸಿಗುತ್ತದೆ.

ಪ್ರಶ್ನೆ: ನನ್ನ ಹಳೇ ಸಣ್ಣ ಕಾರು ಹಂಪ್ಸ್ ಹತ್ತುವಾಗ ಮುಂದಿನಿಂದ ಟಕ್ ಟಕ್ ಅನ್ನುತ್ತದೆ. ಪೂರ್ತಿ ಸಸ್ಪೆನ್ಷನ್ ಬದಲಾಯಿಸಬೇಕು ಅಂದರು. ನಾನು ಶಾಲೆ ಟೀಚರ್, ಅಷ್ಟು ಖರ್ಚು ಕಷ್ಟ.
— ಓದುಗರು, ಅರಸೀಕೆರೆ

ಉತ್ತರ: ಗಾಬರಿ ಬೇಡ ಮೇಡಂ. ಮೊದಲು ಲಿಂಕ್ ರಾಡ್ ನೋಡಿಸಿ. ಆ್ಯಂಟಿ ರೋಲ್ ಬಾರನ್ನು ಸ್ಟ್ರಟ್‌ಗೆ ಸೇರಿಸುವ ಸಣ್ಣ ಕಡ್ಡಿ ಅದು. ಎರಡು ತುದಿಯಲ್ಲೂ ಪುಟ್ಟ ಬಾಲ್ ಜಾಯಿಂಟ್ ಇರುತ್ತದೆ, ಸವೆದರೆ ಸಣ್ಣ ಗುಂಡಿಗೂ ಟಕ್ ಅನ್ನುತ್ತದೆ. ನಿಧಾನಕ್ಕೆ ಹೋಗುವಾಗಲೇ ಶಬ್ದ ಜಾಸ್ತಿಯಾದರೆ ಅದರದ್ದೇ ಇರಬಹುದು. ಮೆಕ್ಯಾನಿಕ್ ಅದನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಆಟ ಗೊತ್ತಾಗುತ್ತದೆ. ಎಡ ಬಲ ಎರಡನ್ನೂ ಬದಲಾಯಿಸಿದರೂ ಅವರು ಹೇಳಿದ ಖರ್ಚಿನಲ್ಲಿ ಸಣ್ಣ ಪಾಲು ಆಗುತ್ತದೆ. ಆಮೇಲೂ ಶಬ್ದ ಇದ್ದರೆ ಬಾರಿನ ಬುಷ್, ಸ್ಟ್ರಟ್ ಮೌಂಟ್ ನೋಡಿಸಿ. ಸ್ಟೇರಿಂಗ್ ತಿರುಗಿಸುವಾಗಲೂ ಟಕ್ ಅಂದರೆ ಮಾತ್ರ ತಡಮಾಡಬೇಡಿ, ಬಾಲ್ ಜಾಯಿಂಟ್ ಹೋಗಿರಬಹುದು. ಅದೇ ದಿನ ಗ್ಯಾರೇಜಿಗೆ ಒಯ್ಯಿರಿ.